ಅಂಬಿಗನನ್ನು ಸಾಯಗೊಡದ ಅವ್ವ

ಮೊನ್ನೆ ಮಿರಜದ ಒಂದು ಗಲ್ಲಿಯಲ್ಲಿ ಯಾರೋ ಹಳೆಯ ಗಾದಿ ಬಿಚ್ಚಿ ಅರಳೆ ಹಿಂಜಿಸುತ್ತಿದ್ದರು. ಬೀದಿ ತುಂಬ ಬಿಳಿ ಎಳೆಗಳು ಹಾರಾಡುತ್ತಿದ್ದವು. ಹಳೆಯ ಅರಳೆಗೆ ಒಂದು ವಾಸನೆಯಿದೆ: ಒಣ ಧೂಳು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಅದರ ಮೇಲೆ ಮಲಗಿ ಎದ್ದವರ ಬೆವರು. ಹೋಗಿಬರುವವರೆಲ್ಲ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಮಾತ್ರ ನಿಂತುಬಿಟ್ಟೆ. ಅದು ನನ್ನ ಅಪ್ಪನ ಅಂಗಿಯ ವಾಸನೆ. ನಾನು ಹೊರಟದ್ದು ಹತ್ತನೆಯ ತರಗತಿಯ ಕನ್ನಡ ಪೇಪರು ತಪಾಸುವ, ಮಾರ್ಕ್ಸ್ ಹಾಕುವ ಕೆಲಸಕ್ಕೆ. ಅರಳೆಯೂ ಕನ್ನಡ ಪೇಪರೂ ಒಂದೇ ದಿನ ಎದುರಾದರೆ, ಅವ್ವನಿಗೆ ಪಾಠ ಹೇಳಿದ ಆ ವರ್ಷ ನೆನಪಾಗದೆ ಇರುವುದಿಲ್ಲ. ನೆನಪಾದರೆ ಸಿಟ್ಟೂ ಬರುತ್ತದೆ. ಇಷ್ಟು ವರ್ಷವಾದರೂ ಆ ಸಿಟ್ಟು ಹಾಗೇ ಇದೆ, ಏನು ಮಾಡಲಿ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಬೆಳುಂಕಿ. ನಾವು ನದಾಫರು, ಗಾದಿ ಹೊಲಿಯುವವರು. ಮನೆಯಲ್ಲಿ ಮಾತು ಕನ್ನಡ. ಸಿಟ್ಟು ನೆತ್ತಿಗೇರಿದಾಗ ಮಾತ್ರ ದಖನಿ. ದೀಪಾವಳಿ ದಾಟಿತೆಂದರೆ ಅಪ್ಪ ಅರಳೆ ಹಿಂಜುವ ಯಂತ್ರವನ್ನು ಟೆಂಪೊಕ್ಕೆ ಏರಿಸಿಕೊಂಡು ಹೊರಟುಬಿಡುತ್ತಿದ್ದರು. ಅಕ್ಕಲಕೋಟೆ, ಆಳಂದ, ಅದರಾಚೆ ಇನ್ನೂ ಎಲ್ಲೆಲ್ಲಿಯೋ. ಲಗ್ನದ ಹಂಗಾಮು ಮುಗಿದು ಮಳೆಯ ಮೋಡ ಕಂಡ ಮೇಲೆಯೇ ಅವರು ಊರಿಗೆ ಮುಖ ತೋರಿಸುವುದು. ಟೆಂಪೊದಲ್ಲಿ ಯಂತ್ರದ ಪಕ್ಕಕ್ಕೆ ನಮ್ಮ ಅಜ್ಜನ ಕಾಲದ ಬಿಲ್ಲೂ ಇರುತ್ತಿತ್ತು. ಯಂತ್ರ ಬರುವ ಮೊದಲು ಅರಳೆ ಹಿಂಜುತ್ತಿದ್ದುದು ಅದರಿಂದಲೇ. ಈಗ ಅದಕ್ಕೆ ಕೆಲಸವಿಲ್ಲ. ಆದರೂ ಯಾವ ಊರು ಹೊಕ್ಕರೂ ಅಪ್ಪ ಅದರ ತಂತಿಯನ್ನು ಮರದ ಗೂಟದಿಂದ ಬಡಿದು 'ಠಂಯ್, ಠಂಯ್' ಅನ್ನಿಸುತ್ತಾರೆ. ಗಾದಿಯವ ಬಂದ ಎಂದು ಊರಿಗೆ ತಿಳಿಯುವುದು ಆ ಸಪ್ಪಳದಿಂದ. ಅಪ್ಪ ತಿರುಗಿ ಬಂದರು ಎಂದು ನಮಗೆ ತಿಳಿಯುವುದೂ ಅದರಿಂದಲೇ. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ. ಪಾಠ ಹೇಳುವವಳ ಚಟ ಇದು, ಹೋಗುವುದಿಲ್ಲ.

ಅವ್ವ ಮಾಲನಬಿ ಊರಿನ ಅಂಗನವಾಡಿಯಲ್ಲಿ ಮದತನೀಸ. ಅಂದರೆ ಅಂಗನವಾಡಿ ನಡೆಸುವ ಸೇವಿಕಾಬಾಯಿಯ ಕೈಕೆಳಗೆ ಕಸ ಗುಡಿಸುವುದು, ಖಿಚಡಿ ಬೇಯಿಸುವುದು, ಮಕ್ಕಳ ಮೂಗು ಒರೆಸುವುದು, ಅಳುವವರಿಗೆ ಕಥೆ ಹೇಳುವುದು. ಸೇವಿಕಾಬಾಯಿ ನಿವೃತ್ತಿಗೆ ಬಂದಿದ್ದರು. ಆ ಜಾಗ ಬೇಕೆಂದರೆ ಮೊದಲು ಹತ್ತನೆಯದು ಪಾಸಾಗು, ಇಲ್ಲದಿದ್ದರೆ ಹೊರಗಿನವಳೊಬ್ಬಳು ಬರುತ್ತಾಳೆ ಎಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಹೊರಗಿನವಳು ಬಂದರೆ ತನ್ನ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾಳೋ ಏನೋ ಎಂದು ಅವ್ವನಿಗೆ ಊಟ ಸೇರುತ್ತಿರಲಿಲ್ಲ. ತನ್ನ ಮಕ್ಕಳು ಅಂದರೆ ನಾನಲ್ಲ, ಅಂಗನವಾಡಿಯವರು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಿದ್ದವಳು ಇಷ್ಟು ವರ್ಷದ ಮೇಲೆ ಹೊರಗಿನಿಂದ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಪಾಸು. ಮರಾಠಿಯಲ್ಲಿ ಪಾಸು. ಇಂಗ್ಲಿಷಿನಲ್ಲೂ, ಅದು ಹೇಗೋ ಆ ದೇವರಿಗೇ ಗೊತ್ತು, ಪಾಸು. ಕನ್ನಡದಲ್ಲಿ ನಾಪಾಸು!

ಊರಿಗೆ ಊರೇ ನಕ್ಕಿತು. "ಮಾಲನಬಿ, ಮನ್ಯಾಗ ಗಂಡಗ ಯಾವ ಭಾಷಾದಾಗ ಬೈತೀಯವಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು. ನಾನು ಆಗ ಜತ್ತಕ್ಕೆ ದಿನಾಲೂ ಬಸ್ಸಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದೆ, ಅದೂ ಕನ್ನಡವನ್ನೇ ತೆಗೆದುಕೊಂಡು. ನನ್ನ ಮಾನ ಎಲ್ಲಿ ಉಳಿಯಿತು? ಜುಲೈನಲ್ಲೇ ಇನ್ನೊಮ್ಮೆ ಕೂರಿಸೋಣವೆಂದರೆ ಫಾರ್ಮ್ ತುಂಬುವ ದಿನ ದಾಟಿಹೋಗಿತ್ತು, ಮುಂದಿನ ಮಾರ್ಚೇ ಗತಿಯಾಯಿತು. ಯಾಕೆ ನಾಪಾಸಾದೆ ಎಂದು ಕೇಳಿದರೆ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ಹಾಗಾಗಿ ದೀಪಾವಳಿ ಕಳೆದು ಅಪ್ಪನ ಟೆಂಪೊ ಹೊರಟ ದಿನವೇ ನಾನು ಅವಳ ಕೈಹಿಡಿದು ಅಂಗಳದಲ್ಲಿ ಕೂರಿಸಿದೆ.

ಮೊದಲು ಶಬ್ದಾರ್ಥ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ.

"ನಿರ್ಗಮನ ಅಂದ್ರ?"

"ಹೋಗಿ ಬರೂದು."

"ಬರೂದು ಇಲ್ಲವ್ವಾ ಅದರಾಗ. ಬರೇ ಹೋಗೂದು."

"ಬರೇ ಹೋಗೂದು ಅಂತ ಯಾರರ ಅಂತಾರೇನ? ಮನಿಯಂವ ಹೊರಗ ಹೋಗ್ಯಾನ. ಹೋಗಿ ಬರೂದು ಅಂತ ಬರಿ."

"ಹಂಗ ಬರದ್ರ ಮಾರ್ಕ್ಸ ಕೊಡಂಗಿಲ್ಲ."

"ಕೊಡದಿದ್ರ ಬಿಡಲಿ. ಅದು ಚಲೋ ಶಬ್ದ ಅಲ್ಲ."

ಆಯಿತು, ಮುಂದಿನದು ನೋಡೋಣ ಎಂದು ಮುಂದೆ ಹೋದರೆ ಅಲ್ಲಿಯೂ ಅದೇ ಕಥೆ. ಅವ್ವ ಮನೆಯಲ್ಲಿ ಜೋಳ ತೀರಿದೆ ಎಂದು ಒಂದು ದಿನವೂ ಅಂದವಳಲ್ಲ, ಜೋಳ ಹೆಚ್ಚಾಗ್ಯಾವ ಅನ್ನುವವಳು. ಬಳೆ ಒಡೆದವು ಎಂದು ಅವಳ ಬಾಯಲ್ಲಿ ಕೇಳಿದವರಿಲ್ಲ. ಅಂಥವಳ ಮುಂದೆ 'ಅಂತ್ಯ', 'ವಿನಾಶ', 'ಅಗಲಿಕೆ' ಎಂಬ ಶಬ್ದಗಳ ಪಟ್ಟಿ ಹಿಡಿದು ಕೂತಿದ್ದೆ ನಾನು. ಅರ್ಥ ಗೊತ್ತಿಲ್ಲ ಅಂತಲ್ಲ. ಎಲ್ಲ ಗೊತ್ತಿತ್ತು. ಗೊತ್ತಿದ್ದಕ್ಕೇ ಬಾಯಿ ಬಿಡುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಕಲಿಸಬಹುದು; ಗೊತ್ತಿದ್ದು ಹೇಳದವರಿಗೆ ಏನು ಕಲಿಸುವುದು ಹೇಳಿ.

ಒಂದು ದಿನ ಕಾಲೇಜಿಗೆ ರಜೆಯಿತ್ತು, ಅಂಗನವಾಡಿಯ ಬಾಗಿಲಲ್ಲಿ ನಿಂತು ಇಣುಕಿದೆ. ಅವ್ವ ಕಥೆ ಹೇಳುತ್ತಿದ್ದಳು. ತೋಳವೊಂದು ಹೊಂಚು ಹಾಕುತ್ತ ಕುರಿಮರಿಯ ಹಿಂದೆ ಹೊರಟಿತ್ತು. ಮಕ್ಕಳ ಕಣ್ಣು ದೊಡ್ಡದಾದವು, ಮುಂದೆ ಕೂತ ಒಂದು ಹುಡುಗಿಯ ತುಟಿ ನಡುಗಿತು. ಅಷ್ಟೇ ಸಾಕಾಯಿತು. "ತ್ವಾಳಕ್ಕ ಭಾಳ ಹಸಿವಿ ಆಗಿತ್ತು. ಸೀದಾ ನಮ್ಮ ಅಂಗನವಾಡಿಗಿ ಬಂತು. ಖಿಚಡಿ ತಿಂತು, ಕೈ ತೊಳಕೊಂಡು ತನ್ನ ಮನಿಗಿ ಹೋತು" ಅಂದುಬಿಟ್ಟಳು ಅವ್ವ. ಮಕ್ಕಳು ಕುಣಿದಾಡಿದರು. ನಾನು ಬಾಗಿಲಿಗೆ ಹಣೆ ಹಚ್ಚಿ ನಿಂತೆ. ರೋಗ ಎಲ್ಲಿದೆ ಎಂದು ಅವತ್ತು ತಿಳಿಯಿತು. ಕಥೆಯಲ್ಲಿ ಕೆಟ್ಟದ್ದರ ನೆರಳು ಬಿದ್ದರೆ ಸಾಕು, ಅವ್ವ ಅಲ್ಲೇ ಅದನ್ನು ತಡೆದು ರಿಪೇರಿ ಮಾಡಿ ಕಳಿಸುತ್ತಿದ್ದಳು. ಅಂಗನವಾಡಿಯಲ್ಲಿ ಇದು ನಡೆಯುತ್ತದೆ. ಬೋರ್ಡಿನ ಪರೀಕ್ಷೆಯಲ್ಲಿ ನಡೆಯುತ್ತದೆಯೇ?

ಪಠ್ಯದಲ್ಲಿ ಒಂದು ಅಂಬಿಗನ ಕಥೆಯಿತ್ತು. ಅದರ ಮೇಲಿನ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ, ಅದೂ ದೊಡ್ಡ ಪ್ರಶ್ನೆ: ಅಂತ್ಯದ ಮುನ್ಸೂಚನೆ ಕಥೆಯ ಆರಂಭದಲ್ಲಿ ಎಲ್ಲೆಲ್ಲಿದೆ, ಕಥೆಯ ಆಶಯವೇನು, ವಿವರಿಸಿ. ಜನವರಿಯ ಒಂದು ಸಂಜೆ ಆ ಪಾಠ ಹಿಡಿದೆವು. ಹೊಲದಲ್ಲಿ ಬಿಳಿಜೋಳ ಹಾಲು ತುಂಬಿ ನಿಂತಿತ್ತು, ಆ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಪಕ್ಕದ ಮನೆಯ ಕಲ್ಲವ್ವ ಕಾಕು ನಮ್ಮ ಅಂಗಳದಲ್ಲೇ ಕೆಂಡ ಮಾಡಿ, ಎಳೆ ಜೋಳದ ತೆನೆ ಸುಟ್ಟು ಸೀತನಿ ಉದುರಿಸುತ್ತ ಕೂತಿದ್ದಳು. ನಾನು ಗಟ್ಟಿಯಾಗಿ ಓದಿದೆ. ಅಂಬಿಗ ಹೊಳೆಗೆ ಹೊರಡುವಾಗ ಹೆಂಡತಿಯ ಕೈಯಿಂದ ಉಪ್ಪಿನ ಬಟ್ಟಲು ಜಾರುತ್ತದೆ. ಹೊಸ್ತಿಲ ಮೇಲಿನ ದೀಪ ಗಾಳಿಗೆ ನಂದುತ್ತದೆ. ಅವನು 'ಹೋಗುತ್ತೇನೆ' ಎಂದು ಹೇಳಿ, ಹಿಂದೆ ತಿರುಗಿ ನೋಡದೆ ನಡೆಯುತ್ತಾನೆ.

ಅವ್ವ ಕೈಯೆತ್ತಿದಳು. "ನಿಂದ್ರ. ಇಂವ ತಿರುಗಿ ಬರಂಗಿಲ್ಲ."

ನನಗಾದ ಖುಷಿ ಹೇಳತೀರದು. ಕಾಲೇಜಿನಲ್ಲಿ ನಮ್ಮ ಸರ್ ಇದೇ ಮುನ್ಸೂಚನೆಯನ್ನು ತಿಳಿಸಿ ಹೇಳಲು ವಾರಗಟ್ಟಲೆ ಒದ್ದಾಡಿದ್ದರು. ನನ್ನ ಅವ್ವ ಮೊದಲನೆಯ ಪುಟದಲ್ಲೇ ಹಿಡಿದುಬಿಟ್ಟಿದ್ದಳು!

"ಹೆಂಗ ಗೊತ್ತಾತವ್ವಾ?"

"ಅದರಾಗೇನದ? ಉಪ್ಪು ಚೆಲ್ಲತು. ದೀಪಕ್ಕ ಹಂಗಾತು. ಮ್ಯಾಲ ಹೋಗ್ತೀನಿ ಅಂತಾನ, ಹೋಗಿ ಬರ್ತೀನಿ ಅನ್ನಲಿಲ್ಲ."

"ಇದೇ ಉತ್ತರ! ಇದಕ್ಕ ಮುನ್ಸೂಚನೆ ಅಂತಾರ. ಹಿಂಗ ಬರಿ. ಇಷ್ಟೆಲ್ಲಾ ಸೂಚನಾ ಕೊಟ್ಟು ಕಡೀಕ ಅಂಬಿಗ ಸತ್ತ ಅಂತ ಬರಿ."

"ಬಿಡ್ತು ಅನ್ನು!" ಅವ್ವ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮುಚ್ಚಿದಳು. "ದೀಪಾ ಹಚ್ಚೂ ಮಗರಿಬ್ ಹೊತ್ತಿನಾಗ, ನಿಮ್ಮಪ್ಪ ದಾರ್ಯಾಗ ಇರೂ ಹೊತ್ತಿನಾಗ, ನನ್ನ ಕೈಲೆ ಇಂಥದ್ದು ಬರಸ್ತೀಯೇನ?"

ನನಗೆ ಆಗ ಥಟ್ಟನೆ ಹೊಳೆಯಿತು. "ಅವ್ವಾ, ಹೋದ ವರ್ಷ ಏನ ಬರದಿದ್ದಿ?"

ಅವ್ವ ಜೋಳದ ಹೊಲದ ಕಡೆ ನೋಡಿದಳು. "ಅಂಬಿಗಂದು ಖಾಲಿ ಬಿಟ್ಟೆ."

"ಮತ್ತ?"

"ಒಂದು ಪದ್ಯದಾಗ ಒಬ್ಬಾಕಿ ಗಂಡ ಯುದ್ಧಕ್ಕ ಹೋಗಿದ್ದ. ಅದನ್ನೂ ಬಿಟ್ಟೆ. ಪತ್ರಲೇಖನದಾಗ ಸಂತಾಪ ಪತ್ರ ಕೇಳಿದ್ರು. ತೌಬಾ ತೌಬಾ, ಅದನ್ನ ಪೂರಾ ಓದಲೇ ಇಲ್ಲ."

ಅಂದರೆ ಇಡೀ ಊರು ನಕ್ಕದ್ದು, ನಾನು ಕಾಲೇಜಿನಲ್ಲಿ ತಲೆ ತಗ್ಗಿಸಿದ್ದು, ಸೇವಿಕಾಬಾಯಿಯ ಜಾಗ ಕೈತಪ್ಪುವ ಹಾಗಾದದ್ದು, ಎಲ್ಲ ಇದಕ್ಕೆ. ಪುಸ್ತಕದೊಳಗಿನ ಮಂದಿಯನ್ನು ಅವ್ವ ಸಾಯಗೊಡಲಿಲ್ಲ, ಅದಕ್ಕೆ!

ಆಶಯದ ಮಾತಿಗೆ ಬಂದರೆ ಇನ್ನೂ ಚೆಂದ. ಗೈಡಿನಲ್ಲಿ 'ವಿಧಿಯ ಮುಂದೆ ಮಾನವ ನಿಸ್ಸಹಾಯಕ' ಎಂದು ಕೊಟ್ಟಿದ್ದರು. ಅದನ್ನು ಓದಿದೆ. ಕೆಂಡ ಕೆದಕುತ್ತಿದ್ದ ಕಲ್ಲವ್ವ ಕಾಕು ನಡುವೆ ಬಾಯಿ ಹಾಕಿದಳು. "ವಿಧಿ ಅಲ್ಲ ಏನಲ್ಲ, ಆಕೀದೇ ತಪ್ಪು. ಉಪ್ಪು ಚೆಲ್ಲಿದ ಮ್ಯಾಲ ಗಂಡನ್ನ ಒಂದು ಗಳಿಗಿ ಕುಂಡ್ರಿಸಿ ನೀರು ಕುಡಿಸಬೇಕೋ ಬ್ಯಾಡೋ?"

"ಹೌದವಾ, ಕುಡಿಸಿದ್ರ ಅಲ್ಲೇ ಮುಗೀತಿತ್ತು" ಅಂದಳು ಅವ್ವ.

"ಕಾಕು, ಹಂಗ ಮಾಡಿದ್ರ ಕಥಿನೇ ಆಗ್ತಿರಲಿಲ್ಲ!" ಎಂದು ನಾನು ಕಿರುಚಿದೆ.

"ಕಥಿ ಆಗಲಿಲ್ಲಂದ್ರ ಏನ ಮುಳುಗತೈತಿ? ಅಂವ ಉಳೀತಿದ್ನಿಲ್ಲ?" ಎಂದು ಕಾಕು ಒಂದು ಮುಷ್ಟಿ ಸೀತನಿ ನನ್ನ ಉಡಿಗೆ ಹಾಕಿದಳು. ತಿನ್ನು, ತಲಿ ತಣ್ಣಗಾಗ್ತದ ಅಂದಳು.

ತಲೆ ಎಲ್ಲಿ ತಣ್ಣಗಾಗಬೇಕು? ಫೆಬ್ರವರಿಯ ತನಕ ನಾನು ಮಾಡದ ಉಪಾಯವಿಲ್ಲ. ಸತ್ತ ಬೇಡ, 'ತೀರಿಕೊಂಡ' ಎಂದು ಬರಿ ಅಂದೆ. ಒಲ್ಲೆ. 'ಕಾಲವಾದ'? ಒಲ್ಲೆ. 'ಮರಳಿ ಬರಲಿಲ್ಲ'? ಅದಂತೂ ಬೇಡವೇ ಬೇಡ. ಕೊನೆಗೆ ಭಾರಿ ಬುದ್ಧಿ ಓಡಿಸಿ, 'ಎಂದು ಲೇಖಕರು ಹೇಳುತ್ತಾರೆ' ಎಂದು ಮುಂದೆ ಸೇರಿಸು, ಪಾಪವೆಲ್ಲ ಬರೆದವರ ತಲೆಯ ಮೇಲೆ ಹೋಗುತ್ತದೆ ಅಂದೆ. ಅವ್ವ ಇದರ ಬಗ್ಗೆ ಒಂದು ದಿನ ವಿಚಾರ ಮಾಡಿದಳು. ಮರುದಿನ ರೊಟ್ಟಿ ಬಡಿಯುತ್ತ, "ಹಂಗ ಅವರ ಮ್ಯಾಲ ಹಾಕಿ ನಾ ಪಾರಾಗೂದು ಚಲೋ ಅಲ್ಲ. ಅವರ ಮನ್ಯಾಗೂ ಹೆಣ್ಣಮಕ್ಕಳು ಇರತಾರ" ಅಂದಳು.

ಅವತ್ತು ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಪುಸ್ತಕದಾಗಿನ ಅಂಬಿಗ ಸತ್ರ ಅಪ್ಪಗೇನಾಗ್ತದ? ಅಪ್ಪ ಸತ್ತಿಲ್ಲ, ಅಂಬಿಗ ಸತ್ತಾನ, ತಿಳೀತಿಲ್ಲೋ?" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದೆ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಚುಪ್!" ಅಂದಳು ಅವ್ವ. ದಖನಿ ಬಂತೆಂದರೆ ಮಾತು ಮುಗಿಯಿತು ಎಂದೇ ಲೆಕ್ಕ. ಅವಳ ಮುಖ ಬಿಳಿಚಿಕೊಂಡಿತ್ತು. "ಬಿಡ್ತು ಅನ್ನು."

"ಅನ್ನಂಗಿಲ್ಲ."

"ಶಬಾನಾ, ಬಿಡ್ತು ಅನ್ನು ಅಂತೀನಿ."

"ಅನ್ನಂಗಿಲ್ಲ ಅಂದ್ರ ಅನ್ನಂಗಿಲ್ಲ!"

ಅವ್ವ ಆ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದುಹೋದಳು. ಇಬ್ಬರೂ ಉಣ್ಣಲಿಲ್ಲ. ಅವತ್ತು ಸಂಜೆ ಅಪ್ಪನ ಫೋನ್ ಹತ್ತಲಿಲ್ಲ. ಮತ್ತೆ ಹಚ್ಚಿದೆ, ಹತ್ತಲಿಲ್ಲ. ಅವ್ವ ನನ್ನ ಮುಖವನ್ನೇ ನೋಡಿದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಹಿತ್ತಲಿಗೆ ಹೋಗಿ, ಕೋಳಿಗಳ ಮುಂದೆ ನಿಂತು, ಯಾರೂ ಕೇಳುತ್ತಿಲ್ಲ ಎಂದು ನೋಡಿಕೊಂಡು, "ಬಿಡ್ತು" ಅಂದೆ. ಬಿ.ಎ. ಕನ್ನಡ! ಥೂ ನನ್ನ.

ಮರುದಿನ ಬೆಳಿಗ್ಗೆ ಅಪ್ಪನೇ ಫೋನ್ ಮಾಡಿದರು. ಏನಿಲ್ಲ, ಚಾರ್ಜ್ ತೀರಿತ್ತಂತೆ. ಹಿಂದಿನ ದಿನದ ಹೆದರಿಕೆಯೆಲ್ಲ ಸಿಟ್ಟಾಗಿ ಅವರ ಮೇಲೆ ಸುರಿಯಿತು. "ನೀವರ ಒಂದು ಮಾತು ಹೇಳ್ರಿ ಅವ್ವಗ. ನೀವು ಹೊರಗ ಇದ್ದೀರಿ ಅಂತ ಆಕಿ ಆ ಉತ್ತರ ಬರೆಯಂಗಿಲ್ಲ ಅಂತಾಳ. ಮತ್ತ ನಾಪಾಸ್ ಆಗ್ತಾಳ. ಜಾಗಾ ಹೋಗ್ತದ, ಆ ಮಕ್ಕಳ ಚಿಂತಿಯಾಗ ಮತ್ತ ಅಳಕೋತ ಕುಂದ್ರತಾಳ. ಸ್ವಲ್ಪ ಗದರಸ್ರಿ!" ಅಪ್ಪ ಎಲ್ಲ ಕೇಳಿಕೊಂಡರು. ಆ ಕಡೆ ಯಂತ್ರ ಗರಗರ ಅನ್ನುತ್ತಿತ್ತು. ಕಡೆಗೆ, "ಪೇಪರ್ ಯಾವತ್ತದ?" ಎಂದಷ್ಟೇ ಕೇಳಿದರು. ನಾನು ದಿನ ಹೇಳಿದೆ. ಹೂಂ ಅಂದು ಇಟ್ಟುಬಿಟ್ಟರು. ಇವರಿಗೆ ಗಾದಿ ಬಿಟ್ಟು ಬೇರೆ ಚಿಂತೆಯೇ ಇಲ್ಲ ಎಂದು ನಾನು ಗೋಡೆಗೆ ಬೈದೆ.

ಪರೀಕ್ಷೆಯ ಸೆಂಟರ್ ಸಂಖದಲ್ಲಿತ್ತು. ಬೆಳಗಿನ ಬಸ್ಸಿಗೆ ನಾನೂ ಅವ್ವನೂ ಹೋಗಿ ಇಳಿದೆವು. ದಾರಿಯುದ್ದಕ್ಕೂ ನಾನು ಕೈಮುಗಿಯುವುದೊಂದು ಬಾಕಿ. ಖಾಲಿ ಬಿಡಬ್ಯಾಡವ್ವಾ, ಏನರ ಬರಿ, ಅಂಬಿಗ ಖಿಚಡಿ ತಿಂದ ಅಂತನಾದ್ರೂ ಬರಿ ಎಂದು ಗೋಗರೆದೆ. ಶಾಲೆಯ ಹತ್ತಿರ ಬಂದರೆ, ಬೇವಿನ ಗಿಡದ ಕೆಳಗೆ ನಮ್ಮ ಟೆಂಪೊ ನಿಂತಿದೆ! ಪಕ್ಕದಲ್ಲಿ ಅಪ್ಪ. ರಾತ್ರಿಯೆಲ್ಲ ಬಂಡಿ ಹೊಡೆದುಕೊಂಡು ಬಂದ ಕೆಂಪು ಕಣ್ಣು, ಹುಬ್ಬಿನ ಮೇಲೆ ಇನ್ನೂ ಅರಳೆಯ ಎಳೆ.

"ಯಾಕ ಬಂದ್ರಿ? ಲಗ್ನದ ಹಂಗಾಮ ಬಿಟ್ಟು ಯಾಕ ಬಂದ್ರಿ? ಮೈಯಾಗ ಚಲೋ ಅದ ಇಲ್ಲೋ?" ಎಂದು ಅವ್ವ ಅವರ ಮೈಕೈ ಮುಟ್ಟಿ ನೋಡಿದಳು.

"ನನಗೇನಾಗ್ಯದ? ನಾ ಆ ಗ್ವಾಡಿ ಹಂತ್ಯಾಕ ನಿಂದ್ರತೀನಿ. ನೀ ಕಿಡಕಿಯಾಗಿಂದ ನೋಡು. ನಾ ಕಂಡ ಮ್ಯಾಲ ಆರಾಮ ಅವನ್ನ ಸಾಯಿಸು."

"ಬಿಡ್ತು ಅನ್ರೀ" ಅಂದಳು ಅವ್ವ. ಆದರೆ ಅವಳ ಮುಖ ಅರಳಿತ್ತು. ಹಂಗಾಮಿನ ನಡುವೆ ಕೈಯಲ್ಲಿದ್ದ ಗಿರಾಕಿಗಳನ್ನು ಬಿಟ್ಟು ಬಂದ ಮನುಷ್ಯ, ಹೆಂಡತಿಯ ಕಣ್ಣಿಗೆ ಕಾಣಲಿಕ್ಕೆಂದೇ ಒಂದು ಕಂಪೌಂಡು ಗೋಡೆಯ ಬಳಿ ಹೋಗಿ ನಿಂತ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಂಕಿಗೆ ಎಣ್ಣೆ ಹೊಯ್ಯಲು ಇವರೊಬ್ಬರು ಕಡಿಮೆಯಿದ್ದರು ಅಂದುಕೊಂಡೆ.

ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಕಾಪಿ ಹೊಡೆಸುವವರನ್ನು ಓಡಿಸಲು ನಿಂತ ಪೊಲೀಸಿನವನು ಬಂದ. "ಏ ಮಾಮಾ, ಸರಕಾ, ಅತ್ತ ಸರಿ! ಇಲ್ಲೇನ ಮಾಡಾಕತ್ತಿ? ಕಾಪಿ ಕೊಡಾಕ ಬಂದೀಯೇನ?"

"ಕೊಡಾಕ ಏನೂ ಇಲ್ರೀ ಸಾಹೇಬ್ರ. ಕಾಣಾಕ ನಿಂತೀನಿ."

"ಕಾಣಾಕ? ಯಾರಿಗಿ?"

"ಹೆಂಡ್ತಿಗಿ."

ಪೊಲೀಸಿನವನು ಅಪ್ಪನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದ. ಹುಚ್ಚರೆಂದೇ ತಿಳಿದಿರಬೇಕು. ಟೆಂಪೊ ಸಮೇತ ರಸ್ತೆಯ ತಿರುವಿನ ಆಚೆಗೆ ಅಟ್ಟಿದ. ಅಲ್ಲಿಂದ ಶಾಲೆಯ ಒಂದು ಕಿಟಕಿಯೂ ಕಾಣುತ್ತಿರಲಿಲ್ಲ. ಈಗ ಅವ್ವ ತಲೆಯೆತ್ತುತ್ತಾಳೆ, ಗೋಡೆಯ ಬಳಿ ಯಾರೂ ಇಲ್ಲ. ಇದ್ದವನು ಹೇಳದೆ ಕೇಳದೆ ಹೋದ. ಅವಳಿಗೆ ಇನ್ನೇನು ಬೇಕು? ಉಪ್ಪು ಚೆಲ್ಲಿದ್ದಕ್ಕಿಂತ ಕಡೆಯಾಯಿತು. ಬರದೇ ಇದ್ದಿದ್ದರೆ ಎಷ್ಟೋ ಚಲೋ ಇತ್ತು ಎಂದು ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಶಾಲೆಯ ದಿಕ್ಕಿಗೆ ಒಮ್ಮೆ ನೋಡಿದರು. ಆಮೇಲೆ ಟೆಂಪೊದ ಹಿಂದೆ ಹತ್ತಿ ಬಿಲ್ಲನ್ನು ಹೊರಗೆಳೆದರು.

ಠಂಯ್.

ನಮ್ಮ ಓಣಿಗೆ ಬರುವಾಗ ಬಡಿಯುವ ಹಾಗೆಯೇ, ಅವಸರವಿಲ್ಲದೆ. ಠಂಯ್, ಠಂಯ್. ಚಹಾದ ಅಂಗಡಿಯವರು ಹೊರಗೆ ಬಂದು ನೋಡಿದರು. ಒಬ್ಬ ಹೆಣ್ಣುಮಗಳು ಗಾದಿಗೆ ಏನು ತಗೋತೀ ಅಂದಳು. ಅಪ್ಪ ಬಡಿಯುತ್ತಲೇ ಇದ್ದರು. ಪೊಲೀಸಿನವನು ಓಡುತ್ತ ಬಂದು, "ಪರೀಕ್ಷಾ ನಡದದ, ಬಂದ್ ಮಾಡೋ!" ಎಂದು ಲಾಠಿ ನೆಲಕ್ಕೆ ಕುಟ್ಟಿದ. ಅಪ್ಪ ತಕ್ಷಣ ನಿಲ್ಲಿಸಿದರು. "ಮಾಡಿದೆ ಸಾಹೇಬ್ರ. ಇಷ್ಟೊತ್ತಿಗೆ ಕೇಳಿರತಾಳ" ಅಂದರು.

ಪೇಪರು ಬಿಟ್ಟಾಗ ಅವ್ವ ಎಲ್ಲರಿಗಿಂತ ಕೊನೆಗೆ ಬಂದಳು. ನಾನು ಓಡಿದೆ. "ಅಂಬಿಗ ಬಂದಿದ್ನಾ?"

"ಬಂದಿದ್ದ."

"ಬರದೀ?"

"ಕಿಡಕಿಯಾಗ ನೋಡಿದೆ, ಇವರಿಲ್ಲ. ಪೆನ್ನ ಮುಚ್ಚಿ ಕುಂತೆ. ಆಮ್ಯಾಲ ಬಿಲ್ಲಿನ ಸಪ್ಪಳ ಬಂತು ನೋಡು, ಬರದೆ. ಉಪ್ಪು ಚೆಲ್ಲಿದ್ದು, ದೀಪದ್ದು, ಹೋಗ್ತೀನಿ ಅಂದದ್ದು, ಎಲ್ಲಾ ಬರದೆ. ಅಂಬಿಗ ತಿರುಗಿ ಬರಲಿಲ್ಲ ಅಂತನೂ ಬರದೆ."

ನಾನು ಅಲ್ಲೇ ಅವಳನ್ನು ತಬ್ಬಿಕೊಂಡೆ. ಕಣ್ಣಲ್ಲಿ ನೀರೇ ಬಂತು.

"ಅದರ ಮುಂದ ಬಿಡ್ತು ಅಂತ ಬರದೆ" ಅಂದಳು ಅವ್ವ ನನ್ನ ಹೆಗಲ ಮೇಲಿನಿಂದ.

"ಎಲ್ಲಿ? ಉತ್ತರದಾಗ?"

"ಮತ್ತೆಲ್ಲಿ ಬರೀಲಿ?"

ಹಣೆ ಹಣೆ ಬಡಿದುಕೊಂಡೆ. "ತಪಾಸೋರು ಏನ ತಿಳಕೋಬೇಕವ್ವಾ?"

"ತಿಳಕೊಳ್ಳಲಿ. ಅವರ ಮಂದಿನೂ ಯಾರರ ದಾರ್ಯಾಗ ಇರತಾರ."

ಅಪ್ಪ ಟೆಂಪೊಕ್ಕೆ ಒರಗಿ ನಗುತ್ತಲೇ ಇದ್ದರು. ಆಮೇಲೆ ನಮಗೆ ಚಹಾ ಕುಡಿಸಿ, ಹೋಗಿ ಬರ್ತೀನಿ ಎಂದು ಹೇಳಿ, ಅಲ್ಲಿಂದಲೇ ಮತ್ತೆ ಅಕ್ಕಲಕೋಟೆಯ ದಾರಿ ಹಿಡಿದರು.

ಅವ್ವ ಪಾಸಾದಳು. ಅಂಥ ದೊಡ್ಡ ಮಾರ್ಕ್ಸೇನಲ್ಲ, ದಡ ಮುಟ್ಟಿದಳು ಅಷ್ಟೇ. ಸೇವಿಕಾಬಾಯಿಯ ಜಾಗವೂ ಸಿಕ್ಕಿತು. ಈಗಲೂ ಅವಳ ಅಂಗನವಾಡಿಯಲ್ಲಿ ತೋಳ ಖಿಚಡಿ ತಿಂದು ಕೈ ತೊಳೆದುಕೊಂಡೇ ಹೋಗುತ್ತದೆ. ಹೇಳಿ ಹೇಳಿ ನನಗೆ ಸಾಕಾಗಿದೆ.

ಆ ಅಂಬಿಗನ ಪಾಠ ಪಠ್ಯದಲ್ಲಿ ಈಗಲೂ ಇದೆ. ಮೊನ್ನೆ ಅರಳೆಯ ಧೂಳು ಜಾಡಿಸಿಕೊಂಡು ಹೋಗಿ ಪೇಪರಿನ ಕಟ್ಟು ಬಿಚ್ಚಿದೆ. ಒಂದು ಪೇಪರಿನಲ್ಲಿ 'ವಿಧಿಯ ಮುಂದೆ ಮಾನವ ನಿಸ್ಸಹಾಯಕ'. ಇನ್ನೊಂದರಲ್ಲೂ ಅದೇ. ಅದರ ಕೆಳಗಿನದರಲ್ಲೂ ಅದೇ. ನಿಮ್ಮ ಸ್ವಂತ ಅಭಿಪ್ರಾಯ ಬರೆಯಿರಿ ಎಂದು ಕೇಳಿದರೆ ಅಲ್ಲಿಯೂ ಗೈಡಿನ ಅದೇ ಸಾಲು. ಉಪ್ಪು, ದೀಪ, ಖಾಲಿ ದೋಣಿ ಎಂದು ಸಾಲಾಗಿ ಬರೆದು, ಅಂಬಿಗ ಸತ್ತನು ಎಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಿದ್ದಾರೆ. ಅವನು ಸತ್ತದ್ದಕ್ಕೆ ಒಬ್ಬರೂ ಪೆನ್ನು ಮುಚ್ಚಿ ಕೂತಿಲ್ಲ. ನಿಯಮದಂತೆ ಎಲ್ಲರಿಗೂ ಮಾರ್ಕ್ಸ್ ಕೊಡುತ್ತೇನೆ, ಕೊಡದೆ ಏನು ಮಾಡಲಿ. ಪ್ರತಿ ವರ್ಷ, ಕಟ್ಟು ಕಟ್ಟುವ ಹೊತ್ತಿಗೆ, ಪಕ್ಕದ ಕುರ್ಚಿಯವರಿಗೆ ಕೇಳಿಸದ ಹಾಗೆ ನಾನೇ ಒಮ್ಮೆ ಬಿಡ್ತು ಅಂದುಬಿಡುತ್ತೇನೆ. ಪೇಪರು ತಪಾಸುವ ಈ ದಿನಗಳಲ್ಲಿ ಅಪ್ಪ ಇನ್ನೂ ಊರು ಸೇರಿರುವುದಿಲ್ಲ.